ಎರಡು ಕ್ಲಚ್ ಬಿಟ್ಟು ಮತ್ತೆ ಹಳೇ ಆಟೊಮ್ಯಾಟಿಕ್‌ಗೆ: ಜೋರು ಓಡುವ ಕಾರುಗಳು ಗೇರ್‌ಬಾಕ್ಸ್ ಬದಲಿಸಿದ್ದೇಕೆ?

2011ರಲ್ಲಿ ಬಂದ ಬಿಎಂಡಬ್ಲ್ಯು ಎಂ5 ಕಾರಿನಲ್ಲಿ ಇದ್ದದ್ದು 7 ಗೇರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. 2017ರಲ್ಲಿ ಅದರ ಮುಂದಿನ ಪೀಳಿಗೆಯ ಎಂ5 ಹೊರಬಂದಾಗ ಆ ಗೇರ್‌ಬಾಕ್ಸ್ ಇರಲಿಲ್ಲ. ಅದರ ಜಾಗದಲ್ಲಿ 8 ಗೇರಿನ ಸಾದಾ ಆಟೊಮ್ಯಾಟಿಕ್, ಅಂದ್ರೆ ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸ್ ಬಂದು ಕೂತಿತ್ತು. ಅದೇ ವರ್ಷ ಆಡಿಯ ಆರ್‌ಎಸ್5 ಕೂಡ ಇದೇ ದಾರಿ ಹಿಡಿಯಿತು. 2020ರಲ್ಲಿ ಬಿಎಂಡಬ್ಲ್ಯು ಎಂ3 ಮತ್ತು ಎಂ4, 2022ರಲ್ಲಿ ಎಂ2 ಕೂಡ ಎರಡು ಕ್ಲಚ್ಚಿಗೆ ನಮಸ್ಕಾರ ಹೇಳಿದವು.

ಕಾರಿನ ಹುಚ್ಚು ಇರೋರಿಗೆ ಇದು ತಲೆಕೆಳಗಾದ ಲೆಕ್ಕ ಅನ್ನಿಸಿತು. ಯಾಕಂದ್ರೆ ಅದಕ್ಕೂ ಹತ್ತು ವರ್ಷ ಮುಂಚೆ ಇದೇ ಕಂಪನಿಗಳು ಡ್ಯುಯಲ್ ಕ್ಲಚ್ಚೇ ರೇಸ್ ಟ್ರ್ಯಾಕಿನಿಂದ ಬಂದ ವಿದ್ಯೆ, ಟಾರ್ಕ್ ಕನ್ವರ್ಟರ್ ಅನ್ನೋದು ಸಾಹುಕಾರರು ಹಿಂದಿನ ಸೀಟಲ್ಲಿ ಕೂತು ಹೋಗೋ ಕಾರಿನ ಸಾಮಾನು ಅನ್ನೋ ಥರ ಪ್ರಚಾರ ಮಾಡಿದ್ದವು.

ಎಂ5 ನಮ್ಮ ತಾಲ್ಲೂಕಿನ ರಸ್ತೆಯಲ್ಲಿ ಕಾಣೋದು ಅಪರೂಪ, ನಿಜ. ಆದ್ರೆ ಇದೇ ಬದಲಾವಣೆ ನಮ್ಮ ಕಣ್ಣೆದುರಿನ ಕಾರಿನಲ್ಲೂ ಆಗಿದೆ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ 2013ರಲ್ಲಿ ಭಾರತಕ್ಕೆ ಬಂದಾಗ 7 ಗೇರಿನ ಡಿಎಸ್‌ಜಿ, ಅಂದ್ರೆ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಇತ್ತು. ಸಣ್ಣ ಕಾರಿನಲ್ಲಿ ಜೋರು ಓಡಿಸಬೇಕು ಅನ್ನೋ ಹುಡುಗರ ಕನಸಿನ ಗಾಡಿ ಅದು. 2020ರಲ್ಲಿ ಬಿಎಸ್6 ನಿಯಮ ಬಂದಾಗ ಎಂಜಿನ್ ಬದಲಾಯಿತು, ಜೊತೆಗೆ ಡಿಎಸ್‌ಜಿ ಹೋಗಿ 6 ಗೇರಿನ ಟಾರ್ಕ್ ಕನ್ವರ್ಟರ್ ಬಂತು. ಫೋರ್ಡ್ ಇಕೋಸ್ಪೋರ್ಟ್ ಕೂಡ ಹಾಗೇ: ಮೊದಲಿಗೆ ಡ್ಯುಯಲ್ ಕ್ಲಚ್, 2017ರ ಹೊಸ ರೂಪದಲ್ಲಿ ಟಾರ್ಕ್ ಕನ್ವರ್ಟರ್. ಈಗ ಈ ಗಾಡಿಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಓಡಾಡುತ್ತಿವೆ. ಹೊರಗಿನಿಂದ ನೋಡಿದ್ರೆ ಎರಡಕ್ಕೂ ಪೆಡಲ್ ಎರಡೇ, ಲಿವರ್ ಮೇಲೆ ಪಿ, ಆರ್, ಎನ್, ಡಿ ಅಂತ ಅಕ್ಷರ ಅವೇ. ಒಳಗಿನ ಯಂತ್ರ ಮಾತ್ರ ಬೇರೆ ಬೇರೆ. ರಿಪೇರಿ ಬಂದ ದಿನ ಆ ವ್ಯತ್ಯಾಸ ಜೇಬಿಗೆ ಗೊತ್ತಾಗುತ್ತೆ.

ಎರಡು ಕ್ಲಚ್ ಅಂದ್ರೆ ಏನು?

ಮ್ಯಾನುಯಲ್ ಗಾಡಿ ಓಡಿಸಿದವರಿಗೆ ಕ್ಲಚ್ ಗೊತ್ತಿರೋದೇ. ಎಂಜಿನ್ ತಿರುಗುತ್ತಲೇ ಇರುತ್ತೆ, ಚಕ್ರ ನಿಂತಿರುತ್ತೆ. ಇವೆರಡರ ನಡುವೆ ಹಿಡಿಯೋದು, ಬಿಡೋದು ಕ್ಲಚ್ಚಿನ ಕೆಲಸ. ಗೇರ್ ಬದಲಿಸುವಾಗ ಕ್ಲಚ್ ತುಳಿದ ಆ ಅರೆಗಳಿಗೆ ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗೋದಿಲ್ಲ. ಮನೆ ಕಾರಿಗೆ ಇದು ಲೆಕ್ಕಕ್ಕಿಲ್ಲ. ರೇಸ್ ಕಾರಿಗೆ ಪ್ರತಿ ಗೇರಿಗೂ ಅದು ನಷ್ಟ.

ಡ್ಯುಯಲ್ ಕ್ಲಚ್ ಇದಕ್ಕೆ ಕಂಡುಕೊಂಡ ಉಪಾಯ ಸರಳ. ಒಂದೇ ಪೆಟ್ಟಿಗೆಯಲ್ಲಿ ಎರಡು ಗೇರ್‌ಬಾಕ್ಸ್ ಇಟ್ಟ ಹಾಗೆ. 1, 3, 5, 7ನೇ ಗೇರುಗಳು ಒಂದು ಶಾಫ್ಟಿನ ಮೇಲೆ, ಅದಕ್ಕೊಂದು ಕ್ಲಚ್. 2, 4, 6 ಇನ್ನೊಂದು ಶಾಫ್ಟಿನ ಮೇಲೆ, ಅದಕ್ಕೆ ಬೇರೆ ಕ್ಲಚ್. ಕಿರಾಣಿ ಅಂಗಡಿಯಲ್ಲಿ ಒಬ್ಬ ಸಕ್ಕರೆ ತೂಗಿ ಕೊಡುವಷ್ಟರಲ್ಲಿ ಇನ್ನೊಬ್ಬ ಮುಂದಿನ ಗಿರಾಕಿಯ ಬೇಳೆ ಕಟ್ಟಿ ಇಟ್ಟಿರ್ತಾನಲ್ಲ, ಹಾಗೆ. ಕಾರು 3ನೇ ಗೇರಿನಲ್ಲಿ ಓಡುತ್ತಿರುವಾಗಲೇ 4ನೇ ಗೇರ್ ಆ ಕಡೆ ಶಾಫ್ಟಿನಲ್ಲಿ ಸಿದ್ಧವಾಗಿ ಕಾಯುತ್ತಿರುತ್ತೆ. ಬದಲಿಸುವ ಹೊತ್ತಿಗೆ ಒಂದು ಕ್ಲಚ್ ಬಿಡುತ್ತೆ, ಇನ್ನೊಂದು ಹಿಡಿಯುತ್ತೆ, ಅಷ್ಟೇ. ನಡುವೆ ಎಳೆತ ಕಡಿಯೋದೇ ಇಲ್ಲ.

ಈ ಆಲೋಚನೆ ಹೊಸದೇನಲ್ಲ. ಫ್ರಾನ್ಸಿನ ಎಂಜಿನಿಯರ್ ಅಡಾಲ್ಫ್ ಕೆಗ್ರೆಸ್ 1930ರ ದಶಕದ ಕೊನೆಗೇ ಇದನ್ನು ಯೋಚಿಸಿದ್ದ. ಆದರೆ ಎರಡು ಕ್ಲಚ್ಚನ್ನು ಕರಾರುವಾಕ್ಕಾಗಿ ನಡೆಸೋಕೆ ಬೇಕಾದ ಕಂಪ್ಯೂಟರ್ ಆಗ ಇರಲಿಲ್ಲ. 1980ರ ದಶಕದಲ್ಲಿ ಪೋರ್ಶೆ ತನ್ನ 956 ಮತ್ತು 962 ರೇಸ್ ಕಾರುಗಳಲ್ಲಿ ಇದನ್ನು ಓಡಿಸಿ ನೋಡಿತು. ಜನ ಕೊಳ್ಳಬಹುದಾದ ಕಾರಿಗೆ ಬಂದದ್ದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಮೂಲಕ. ಆಮೇಲೆ ಸಾಲು ಹಿಡಿಯಿತು: 2005ರಲ್ಲಿ ಬುಗಾಟಿ ವೇರಾನ್, 2007ರಲ್ಲಿ ನಿಸಾನ್ ಜಿಟಿ-ಆರ್, 2008ರಲ್ಲಿ ಬಿಎಂಡಬ್ಲ್ಯು ಎಂ3 ಮತ್ತು ಫೆರಾರಿ ಕ್ಯಾಲಿಫೋರ್ನಿಯಾ, 2010ರಲ್ಲಿ ಮರ್ಸಿಡಿಸ್ ಎಸ್‌ಎಲ್‌ಎಸ್.

ಟಾರ್ಕ್ ಕನ್ವರ್ಟರ್ ಹೇಗೆ ಕೆಲಸ ಮಾಡುತ್ತೆ?

ಇದು ಇನ್ನೂ ಹಳೆಯದು. ಜರ್ಮನಿಯ ಹೆರ್ಮನ್ ಫೋಟಿಂಗರ್ 1900ರ ದಶಕದ ಆರಂಭದಲ್ಲಿ ಹಡಗುಗಳಿಗಾಗಿ ಮಾಡಿದ ಯಂತ್ರ ಇದರ ಮೂಲ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟ್ ಕೊಟ್ಟರೆ, ಅದರ ಗಾಳಿಗೆ ಎದುರಿನದೂ ನಿಧಾನಕ್ಕೆ ತಿರುಗೋಕೆ ಶುರು ಮಾಡುತ್ತೆ. ಟಾರ್ಕ್ ಕನ್ವರ್ಟರ್‌ನಲ್ಲಿ ಗಾಳಿಯ ಬದಲು ಎಣ್ಣೆ. ಎಂಜಿನ್ ಕಡೆಯ ರೆಕ್ಕೆ ಎಣ್ಣೆಯನ್ನು ತಳ್ಳುತ್ತೆ, ಗೇರ್‌ಬಾಕ್ಸ್ ಕಡೆಯ ರೆಕ್ಕೆ ಆ ಎಣ್ಣೆಯ ಹೊಡೆತಕ್ಕೆ ತಿರುಗುತ್ತೆ. ನಡುವೆ ಸ್ಟೇಟರ್ ಅನ್ನೋ ಇನ್ನೊಂದು ರೆಕ್ಕೆ ಇದ್ದು, ವಾಪಸ್ ಬರುವ ಎಣ್ಣೆಯನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ಕೊಡುತ್ತೆ. ಅದರಿಂದ ಗಾಡಿ ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ಎಳೆತ ಹೆಚ್ಚುಕಮ್ಮಿ ಎರಡು ಪಟ್ಟಿನವರೆಗೂ ಏರುತ್ತೆ. ಹೆಸರಿನಲ್ಲಿ 'ಕನ್ವರ್ಟರ್' ಇರೋದು ಇದಕ್ಕೇ.

ಇದರ ದೊಡ್ಡ ಗುಣ ಅಂದ್ರೆ ಲೋಹಕ್ಕೆ ಲೋಹ ಉಜ್ಜದೆ ಗಾಡಿ ಹೊರಡೋದು. ದೊಡ್ಡ ದೋಷವೂ ಅದೇ: ಎಣ್ಣೆ ಜಾರುತ್ತೆ, ಜಾರಿದಷ್ಟು ಪೆಟ್ರೋಲ್ ದಂಡ. ಹಿಂದಿನ 3-4 ಗೇರಿನ ಆಟೊಮ್ಯಾಟಿಕ್ ಕಾರುಗಳು ಮೈಲೇಜ್ ಕೊಡ್ತಿರಲಿಲ್ಲ, ಆಕ್ಸಿಲರೇಟರ್ ತುಳಿದ್ರೆ ಮೊದಲು ಸದ್ದು, ಆಮೇಲೆ ಓಟ ಅನ್ನೋ ಹಾಗಿದ್ವು. ಟಾರ್ಕ್ ಕನ್ವರ್ಟರ್‌ಗೆ ಕೆಟ್ಟ ಹೆಸರು ಬಂದದ್ದು ಆ ಕಾಲದಲ್ಲಿ. ಅದು ಇವತ್ತಿಗೂ ಪೂರ್ತಿ ಹೋಗಿಲ್ಲ.

2009ರಲ್ಲಿ ಏನಾಯಿತು

ಲೆಕ್ಕ ಬದಲಾಯಿಸಿದ್ದು ಒಂದೇ ಒಂದು ಗೇರ್‌ಬಾಕ್ಸ್ ಅಂದ್ರೆ ತಪ್ಪಾಗಲಾರದು. ಜರ್ಮನಿಯ ಝಡ್‌ಎಫ್ ಕಂಪನಿ 8ಎಚ್‌ಪಿ ಅನ್ನೋ 8 ಗೇರಿನ ಆಟೊಮ್ಯಾಟಿಕ್ ಮಾಡಿ, 2009ರಲ್ಲಿ ಬಿಎಂಡಬ್ಲ್ಯು 760 ಎಲ್‌ಐ ಕಾರಿಗೆ ಮೊದಲು ಕೊಟ್ಟಿತು. ಅದೂ ಹಿಂದಿನ ಸೀಟಿನ ಸಾಹುಕಾರರ ಕಾರೇ.

ಅದರೊಳಗೆ 4 ಪ್ಲಾನೆಟರಿ ಗೇರ್ ಸೆಟ್, ಅವುಗಳನ್ನು ಹಿಡಿದು ಬಿಡೋಕೆ 5 ಕ್ಲಚ್-ಬ್ರೇಕುಗಳು. ಯಾವ ಗೇರಿನಲ್ಲೇ ಇರಲಿ, ಈ ಐದರಲ್ಲಿ ಎರಡು ಮಾತ್ರ ಬಿಚ್ಚಿಕೊಂಡಿರುತ್ತವೆ. ಬಿಚ್ಚಿಕೊಂಡ ಕ್ಲಚ್ ಎಣ್ಣೆಯಲ್ಲಿ ಸುಮ್ಮನೆ ತಿರುಗಿ ಶಕ್ತಿ ತಿನ್ನುತ್ತೆ. ಅಂಥವು ಕಮ್ಮಿ ಇದ್ದಷ್ಟೂ ನಷ್ಟ ಕಮ್ಮಿ. ಇದರ ಜೊತೆಗೆ ಲಾಕಪ್ ಕ್ಲಚ್. ಗಾಡಿ ಹೊರಟು ಒಂದಿಷ್ಟು ವೇಗ ಹಿಡಿಯುತ್ತಿದ್ದಂತೆ ಇದು ಕನ್ವರ್ಟರಿನ ಎರಡೂ ಕಡೆಯನ್ನು ಬಿಗಿಯಾಗಿ ಕಟ್ಟಿಬಿಡುತ್ತೆ. ಆಮೇಲೆ ಎಣ್ಣೆ ಜಾರೋ ಮಾತೇ ಇಲ್ಲ, ಮ್ಯಾನುಯಲ್ ಗಾಡಿಯ ಹಾಗೆ ನೇರ ಎಳೆತ.

ಗೇರ್ ಬದಲಿಸುವ ವೇಗದಲ್ಲೂ ಅಂತರ ಕರಗಿತು. ಝಡ್‌ಎಫ್ ಹೇಳುವ ಪ್ರಕಾರ ಒಂದು ಬದಲಾವಣೆಗೆ 200 ಮಿಲಿ ಸೆಕೆಂಡ್, ಅಂದ್ರೆ ಸೆಕೆಂಡಿನ ಐದನೇ ಒಂದು ಪಾಲು. ಒಳ್ಳೆಯ ಡ್ಯುಯಲ್ ಕ್ಲಚ್ ಇನ್ನೂ ಚುರುಕು ಅನ್ನೋದು ನಿಜ, ಆದ್ರೆ ಆ ವ್ಯತ್ಯಾಸ ರಸ್ತೆಯಲ್ಲಿ ಕೂತವರಿಗೆ ತಿಳಿಯೋದು ಕಷ್ಟ. ಇನ್ನೊಂದು ವಿಷಯದಲ್ಲಂತೂ ಪ್ಲಾನೆಟರಿ ಗೇರಿನದೇ ಮೇಲುಗೈ. ಡ್ಯುಯಲ್ ಕ್ಲಚ್ ಚುರುಕಾಗಿರೋದು ಮುಂದಿನ ಗೇರನ್ನು ಸರಿಯಾಗಿ ಊಹಿಸಿ ಸಿದ್ಧ ಮಾಡಿಟ್ಟಾಗ. 6ನೇ ಗೇರಿನಲ್ಲಿ ಹೋಗುತ್ತಾ ಅದು 7ನ್ನು ಸಿದ್ಧ ಮಾಡಿಟ್ಟಿದೆ ಅಂದುಕೊಳ್ಳಿ. ಅಷ್ಟರಲ್ಲಿ ಮುಂದಿನ ಲಾರಿ ಹಿಂದಿಕ್ಕೋಕೆ ಡ್ರೈವರ್ ಪೂರ್ತಿ ತುಳಿದ. ಈಗ ಬೇಕಾದ್ದು 3ನೇ ಗೇರ್. ಕಟ್ಟಿಟ್ಟ ಪೊಟ್ಟಣ ಬೇಡ, ಬೇರೆ ಕಟ್ಟು ಅಂದ ಹಾಗಾಯ್ತು. ಒಂದು ಕ್ಷಣ ತಡವರಿಕೆ. 8ಎಚ್‌ಪಿಗೆ ಈ ಊಹೆಯ ಕಷ್ಟ ಇಲ್ಲ. ನಡುವಿನ ಗೇರುಗಳನ್ನು ಹಾರಿಸಿ, 8ರಿಂದ 2ಕ್ಕೆ ಬೇಕಾದರೂ ನೇರವಾಗಿ ಇಳಿಯುತ್ತೆ.

ಎಂ5 ಅಂಕಿಗಳನ್ನೇ ನೋಡಿ. ಡ್ಯುಯಲ್ ಕ್ಲಚ್ ಇದ್ದ 2011ರ ಕಾರು ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗಕ್ಕೆ 4.4 ಸೆಕೆಂಡ್ ಅಂತ ಕಂಪನಿ ಹೇಳಿತ್ತು. ಟಾರ್ಕ್ ಕನ್ವರ್ಟರ್ ಇರುವ 2017ರ ಕಾರಿಗೆ 3.4 ಸೆಕೆಂಡ್. ಪೂರ್ತಿ ಒಂದು ಸೆಕೆಂಡ್ ಉಳಿತಾಯ. ಇದರಲ್ಲಿ ದೊಡ್ಡ ಪಾಲು ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟಿದ್ದರದ್ದು, 40 ಅಶ್ವಶಕ್ತಿ ಜಾಸ್ತಿಯೂ ಆಗಿತ್ತು. ಎಲ್ಲಾ ಪುಣ್ಯ ಗೇರ್‌ಬಾಕ್ಸಿಗೆ ಕಟ್ಟೋ ಹಾಗಿಲ್ಲ. ಆದ್ರೆ ಗೇರ್‌ಬಾಕ್ಸಿನಿಂದ ಕಾರು ನಿಧಾನವಾಯಿತು ಅಂತ ಹೇಳೋ ಬಾಯಿ ಮಾತ್ರ ಬಂದಾಯ್ತು.

ಟರ್ಬೊ ತಂದಿಟ್ಟ ತಲೆನೋವು

ಅಶ್ವಶಕ್ತಿಯ ಬಗ್ಗೆ ಎಲ್ಲರೂ ಮಾತಾಡ್ತಾರೆ. ಗೇರ್‌ಬಾಕ್ಸಿಗೆ ನೋವು ಕೊಡೋದು ಮಾತ್ರ ಟಾರ್ಕ್, ಅಂದ್ರೆ ತಿರುಚುವ ಬಲ. ಆರ್‌ಎಸ್5 ಇದಕ್ಕೆ ಕನ್ನಡಿ ಹಿಡಿದ ಹಾಗಿದೆ. ಹಳೆಯ ಕಾರಿನಲ್ಲಿ 4.2 ಲೀಟರ್ ವಿ8, ಟರ್ಬೊ ಇಲ್ಲ, 450 ಅಶ್ವಶಕ್ತಿ, 430 ನ್ಯೂಟನ್ ಮೀಟರ್ ಟಾರ್ಕ್. ಹೊಸದರಲ್ಲಿ 2.9 ಲೀಟರ್ ವಿ6, ಎರಡು ಟರ್ಬೊ. ಅಶ್ವಶಕ್ತಿ ಅಷ್ಟೇ 450, ಟಾರ್ಕ್ ಮಾತ್ರ 600. ಎಂ3 ಕಥೆಯೂ ಇದೇ: 2008ರಲ್ಲಿ 400, 2014ರಲ್ಲಿ 550, 2020ರ ಕಾಂಪಿಟಿಷನ್ ಮಾದರಿಯಲ್ಲಿ 650 ನ್ಯೂಟನ್ ಮೀಟರ್. ಹಳೆಯ ಎಂಜಿನ್ ಜೋರಾಗಿ ಸುತ್ತಿ ಶಕ್ತಿ ಕೊಡುತ್ತಿತ್ತು. ಟರ್ಬೊ ಎಂಜಿನ್ ಕಡಿಮೆ ಸುತ್ತಿನಲ್ಲೇ ಒಮ್ಮೆಲೇ ತಿರುಚುತ್ತೆ.

ಈ ತಿರುಚನ್ನು ಕ್ಲಚ್ ಪ್ಲೇಟು ಜಾರದೆ ಹಿಡಿಯಬೇಕು. ಅದಕ್ಕೆ ಪ್ಲೇಟು ದೊಡ್ಡದಾಗಬೇಕು ಇಲ್ಲವೇ ಹೆಚ್ಚಾಗಬೇಕು, ಒತ್ತುವ ಬಲ ಜಾಸ್ತಿ ಬೇಕು, ತಣ್ಣಗಿಡೋಕೆ ಎಣ್ಣೆ ಜಾಸ್ತಿ ಬೇಕು. ಆಗೋದಿಲ್ಲ ಅಂತಲ್ಲ. ಬುಗಾಟಿ ವೇರಾನ್ 1,250 ನ್ಯೂಟನ್ ಮೀಟರ್ ಟಾರ್ಕನ್ನು ಎರಡು ಕ್ಲಚ್ಚಿನಿಂದಲೇ ಹಿಡಿದು ತೋರಿಸಿತು. ಆದ್ರೆ ಬುಗಾಟಿ ಕೊಳ್ಳೋರು ಬೆಲೆ ಕೇಳೋದಿಲ್ಲ, ಎಂ3 ಕೊಳ್ಳೋರು ಕೇಳ್ತಾರೆ.

ಶಾಖದ ಲೆಕ್ಕ ಇನ್ನೂ ಮುಖ್ಯ. ಡ್ಯುಯಲ್ ಕ್ಲಚ್ ಅಂದ್ರೂ ಕೊನೆಗೆ ಅದು ಕ್ಲಚ್ಚೇ. ನಿಂತ ಗಾಡಿ ಹೊರಡುವಾಗ ಪ್ಲೇಟು ಜಾರಿ ಜಾರಿ ಹಿಡಿಯಬೇಕು. ಖಾಲಿ ರಸ್ತೆಯಲ್ಲಿ ಒಂದೆರಡು ಸೆಕೆಂಡಿನ ಕೆಲಸ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ, ಇಲ್ಲವೇ ಮಳೆಗಾಲದಲ್ಲಿ ಲಾರಿ ಸಾಲು ನಿಂತ ಶಿರಾಡಿ ಘಾಟಿಯ ಏರಿನಲ್ಲಿ ಗೇಣು ಗೇಣು ಜಾಗ ಸರಿಯುವಾಗ ಅದು ಗಂಟೆಗಟ್ಟಲೆ ನಡೆಯುವ ಉಜ್ಜಾಟ. ಮ್ಯಾನುಯಲ್ ಗಾಡಿಯಲ್ಲಿ ಅರ್ಧ ಕ್ಲಚ್ ಒತ್ತಿಕೊಂಡೇ ಘಾಟಿ ಹತ್ತಿದರೆ ಬರುವ ಸುಟ್ಟ ವಾಸನೆ ನೆನಪು ಮಾಡಿಕೊಂಡರೆ ಸಾಕು. ಟಾರ್ಕ್ ಕನ್ವರ್ಟರ್‌ನಲ್ಲೂ ಶಾಖ ಹುಟ್ಟುತ್ತೆ, ಆದ್ರೆ ಅದು ಹುಟ್ಟೋದು ಎಣ್ಣೆಯಲ್ಲಿ, ಆ ಎಣ್ಣೆ ಕೂಲರಿಗೆ ಹೋಗಿ ತಣ್ಣಗಾಗಿ ಬರುತ್ತೆ. ಸವೆಯೋಕೆ ಅಲ್ಲಿ ಪ್ಲೇಟು ಇಲ್ಲ.

ಎಂ5 ಥರದ ಕಾರನ್ನು ಕೊಳ್ಳೋರಲ್ಲಿ ರೇಸ್ ಟ್ರ್ಯಾಕಿಗೆ ಹೋಗೋರು ಬೆರಳೆಣಿಕೆ. ಉಳಿದೋರು ದಿನಾ ಆಫೀಸಿಗೆ ಹೋಗ್ತಾರೆ, ಮಾಲಿನ ಬೇಸ್‌ಮೆಂಟಿನಲ್ಲಿ ರಿವರ್ಸ್ ತಗೊಂಡು ಪಾರ್ಕ್ ಮಾಡ್ತಾರೆ. ಅಲ್ಲಿ ಡ್ಯುಯಲ್ ಕ್ಲಚ್ ಕಾರು ಜರ್ಕ್ ಹೊಡೆದರೆ, ಏರಿನಲ್ಲಿ ಅರ್ಧ ಅಡಿ ಹಿಂದಕ್ಕೆ ಜಾರಿದರೆ, ಕೋಟಿ ಕೊಟ್ಟವನಿಗೆ ಸಿಟ್ಟು ಬರೋದು ಸಹಜ.

ಅಂಗಡಿ ಲೆಕ್ಕ

ಇಷ್ಟೆಲ್ಲಾ ತಾಂತ್ರಿಕ ಕಾರಣ ಇದ್ದರೂ, ದುಡ್ಡಿನ ಕಾರಣ ಇಲ್ಲದೆ ಯಾವ ಕಂಪನಿಯೂ ಇಂಥ ತೀರ್ಮಾನ ತಗೊಳ್ಳೋದಿಲ್ಲ. ಅಂಗಡಿ ನಡೆಸೋರಿಗೆ ಇದು ತಕ್ಷಣ ಅರ್ಥವಾಗೋ ಮಾತು. ವರ್ಷಕ್ಕೆ ಹತ್ತು ಮಂದಿ ಕೇಳೋ ಸಾಮಾನಿಗೆ ಬೇರೆ ರ್ಯಾಕ್, ಬೇರೆ ಸಪ್ಲೈಯರ್, ಬೇರೆ ಬಿಲ್ ಇಡೋದಕ್ಕಿಂತ, ದಿನಾ ಲೋಡುಗಟ್ಟಲೆ ಹೋಗೋ ಸಾಮಾನಿನ ಮೇಲ್ದರ್ಜೆಯದನ್ನೇ ಅವರಿಗೂ ಕೊಡೋದು ಲಾಭ.

ಎಂ ಕಾರುಗಳ ಡ್ಯುಯಲ್ ಕ್ಲಚ್ ಅವುಗಳಿಗೆಂದೇ ಗೆಟ್ರಾಗ್ ಕಂಪನಿಯಿಂದ ಬರುತ್ತಿದ್ದ ಗೇರ್‌ಬಾಕ್ಸ್. ಮಾರಾಟ ಸಾವಿರಗಳ ಲೆಕ್ಕ. 8ಎಚ್‌ಪಿ ಹಾಗಲ್ಲ. ಸಾಮಾನ್ಯ ಡೀಸೆಲ್ ಬಿಎಂಡಬ್ಲ್ಯುನಿಂದ ಹಿಡಿದು ಜಾಗ್ವಾರ್, ಲ್ಯಾಂಡ್ ರೋವರ್, ಆಲ್ಫಾ ರೋಮಿಯೊ, ಆಸ್ಟನ್ ಮಾರ್ಟಿನ್, ರೋಲ್ಸ್ ರಾಯ್ಸ್, ಲಂಬೋರ್ಗಿನಿ ಉರುಸ್ ತನಕ ಅದೇ ಕುಟುಂಬದ ಗೇರ್‌ಬಾಕ್ಸ್, ಟಾರ್ಕಿಗೆ ತಕ್ಕಂತೆ ಸಣ್ಣದು ದೊಡ್ಡದು. ಲಕ್ಷಗಟ್ಟಲೆ ತಯಾರಾಗುವ ಪೆಟ್ಟಿಗೆಯ ಪ್ರತಿ ಸುಧಾರಣೆಯ ಖರ್ಚು ಲಕ್ಷ ಕಾರುಗಳ ಮೇಲೆ ಹಂಚಿಹೋಗುತ್ತೆ. ಎಂ5ಗೆ ಬೇಕಾದ್ದು ಬೇರೆ ಸಾಫ್ಟ್‌ವೇರ್, ಗಟ್ಟಿ ಮಾಡಿದ ಕೆಲವು ಭಾಗ, ಹೆಚ್ಚಿನ ಕೂಲಿಂಗ್. ಸರ್ವಿಸ್ ಸೆಂಟರಿನ ಮೆಕ್ಯಾನಿಕ್ಕಿಗೂ ಕೈ ಪಳಗಿದ ಯಂತ್ರ, ಬಿಡಿಭಾಗಕ್ಕೂ ಅಲೆಯಬೇಕಿಲ್ಲ. ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ವ್ಯವಸ್ಥೆ ಆ ಗೇರ್‌ಬಾಕ್ಸಿಗೆ ಜೋಡಿಸಿ ಮೊದಲೇ ಸಿದ್ಧವಿತ್ತು. ಹೊಸ ಎಂ5ಗೆ ಅದೂ ಬೇಕಿತ್ತು.

ಬ್ಯಾಟರಿ ಯುಗ ಬಂದಾಗ ಇನ್ನೊಂದು ಅನುಕೂಲ ಕಂಡಿತು. ಎಂಜಿನ್ ಮತ್ತು ಪ್ಲಾನೆಟರಿ ಗೇರುಗಳ ನಡುವಿನ ಜಾಗದಲ್ಲಿ ಎಲೆಕ್ಟ್ರಿಕ್ ಮೋಟಾರ್ ಕೂರಿಸಬಹುದು. 2024ರ ಎಂ5 ಹಾಗೆ ಮಾಡಿದ ಪ್ಲಗ್-ಇನ್ ಹೈಬ್ರಿಡ್: ಎಂಜಿನ್, ಮೋಟಾರ್ ಸೇರಿ 727 ಅಶ್ವಶಕ್ತಿ, 1,000 ನ್ಯೂಟನ್ ಮೀಟರ್. ತೂಕವೂ 2,400 ಕಿಲೋ ದಾಟಿದೆ, ಅದು ಬೇರೆ ಮಾತು.

ಬಿಡದೆ ಹಿಡಿದುಕೊಂಡವರು

ಎಲ್ಲರೂ ಬಿಟ್ಟರು ಅಂದುಕೊಂಡರೆ ತಪ್ಪು. ಪೋರ್ಶೆ 911 ಇವತ್ತಿಗೂ ಪಿಡಿಕೆ ಅನ್ನೋ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಬಿಟ್ಟಿಲ್ಲ, ಅದನ್ನು ಮಾಡಿಕೊಡೋದೂ ಇದೇ ಝಡ್‌ಎಫ್. ಫೆರಾರಿ, ಮೆಕ್‌ಲಾರೆನ್ ಬಿಟ್ಟಿಲ್ಲ. ಅಮೆರಿಕದ ಷೆವರ್ಲೆ ಕಾರ್ವೆಟ್ ಅಂತೂ ಉಲ್ಟಾ ದಿಕ್ಕಿಗೆ ಹೋಯಿತು. ಹಳೆಯದರಲ್ಲಿ 8 ಗೇರಿನ ಟಾರ್ಕ್ ಕನ್ವರ್ಟರ್ ಇತ್ತು, 2020ರ ಮಾದರಿಯಲ್ಲಿ 8 ಗೇರಿನ ಡ್ಯುಯಲ್ ಕ್ಲಚ್.

ಇದಕ್ಕೆ ಕಾರಣ ಎಂಜಿನ್ ಕೂತ ಜಾಗ. ಕಾರ್ವೆಟ್ ಎಂಜಿನ್ ಆ ವರ್ಷ ಬಾನೆಟ್ಟಿನಿಂದ ಸೀಟಿನ ಹಿಂದಕ್ಕೆ ಹೋಯಿತು. ಎಂಜಿನ್ ಹಿಂದಿದ್ದಾಗ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ, ಹಿಂದಿನ ಆಕ್ಸಲ್ ಹತ್ತಿರವೇ ಇಡಬೇಕು. ಎಂಜಿನ್ ಮುಂದಿರುವ ಕಾರುಗಳಿಗಾಗಿ ಉದ್ದಕ್ಕೆ ಮಾಡಿದ ಸಾದಾ ಆಟೊಮ್ಯಾಟಿಕ್ ಅಲ್ಲಿಗೆ ಒಗ್ಗೋದಿಲ್ಲ. ಹಾಗಾಗಿ ಹೇಗಿದ್ದರೂ ಹೊಸದೇ ಮಾಡಬೇಕು, ಮಾಡೋದಾದ್ರೆ ಚುರುಕಾದದ್ದನ್ನೇ ಮಾಡಿದರಾಯ್ತು. ಅಂಥ ಕಾರು ಕೊಳ್ಳೋರು ಟ್ರ್ಯಾಕಿಗೂ ಹೋಗ್ತಾರೆ, ಬೆಲೆಯಲ್ಲೂ ಅದಕ್ಕೆ ಜಾಗ ಇರುತ್ತೆ.

ಮರ್ಸಿಡಿಸ್ ಎಎಂಜಿ ನಡುದಾರಿ ಹಿಡಿಯಿತು. ಪ್ಲಾನೆಟರಿ ಗೇರ್‌ಬಾಕ್ಸನ್ನೇ ಇಟ್ಟುಕೊಂಡು, ಟಾರ್ಕ್ ಕನ್ವರ್ಟರ್ ತೆಗೆದು ಅಲ್ಲಿ ಎಣ್ಣೆಯಲ್ಲಿ ಮುಳುಗಿದ ಒಂದು ಕ್ಲಚ್ ಇಡೋದು. 2008ರ ಎಸ್‌ಎಲ್63ರಿಂದ ಇದು ಇದೆ. ಎಎಂಜಿ ಜಿಟಿ ಕಾರಿನ ಮೊದಲ ಪೀಳಿಗೆಯಲ್ಲಿ ಡ್ಯುಯಲ್ ಕ್ಲಚ್ ಹಿಂದಿನ ಆಕ್ಸಲ್ ಮೇಲೆ ಇತ್ತು. 2023ರ ಎರಡನೇ ಪೀಳಿಗೆಯಲ್ಲಿ ಅದು ಹೋಗಿ, ಎಂಜಿನ್ನಿಗೇ ಅಂಟಿದ ಈ 9 ಗೇರಿನ ಬಗೆ ಬಂತು. ಜೊತೆಗೆ ನಾಲ್ಕು ಚಕ್ರದ ಎಳೆತ, ಹಿಂದೆ ಸಣ್ಣ ಸೀಟು.

ಕಳೆದುಕೊಂಡದ್ದು ಏನೂ ಇಲ್ಲವೇ? ಇದೆ. ಡ್ಯುಯಲ್ ಕ್ಲಚ್ಚಿನಲ್ಲಿ ಸ್ಟೇರಿಂಗ್ ಹಿಂದಿನ ಪ್ಯಾಡಲ್ ಎಳೆದ ಕ್ಷಣಕ್ಕೆ ಬೀಗ ಬಿದ್ದ ಹಾಗೆ 'ಟಕ್' ಅಂತ ಗೇರ್ ಬೀಳೋ ಆ ಅನುಭವ, ಬ್ರೇಕ್ ಹೊಡೆದು ತಿರುವಿಗೆ ಇಳಿಯುವಾಗ ಒಂದೊಂದೇ ಗೇರ್ ಕೆಳಗಿಳಿಸುವ ಖುಷಿ, ಸಾದಾ ಆಟೊಮ್ಯಾಟಿಕ್‌ನಲ್ಲಿ ಅಷ್ಟು ಸಿಗೋದಿಲ್ಲ ಅನ್ನೋದು ಓಡಿಸೋರ ದೂರು. ಸ್ಟಾಪ್‌ವಾಚ್ ಇದನ್ನು ಒಪ್ಪೋದಿಲ್ಲ, ಕೈ ಒಪ್ಪುತ್ತೆ. ಆ ಖುಷಿ ಬೇಕು ಅನ್ನೋರಿಗಾಗಿ ಎಂ2, ಎಂ3, ಎಂ4 ಕಾರುಗಳಲ್ಲಿ ಬಿಎಂಡಬ್ಲ್ಯು ಮ್ಯಾನುಯಲ್ ಗೇರನ್ನೂ ಇಟ್ಟಿತು. ಎರಡು ಕ್ಲಚ್ಚಿನದು ಈ ಎರಡರ ನಡುವೆ ಸಿಕ್ಕಿಕೊಂಡು ಹೋಯಿತು.

ನಮ್ಮ ರಸ್ತೆಯ ಕಾರುಗಳಲ್ಲಿ

ಭಾರತದಲ್ಲಿ ಎರಡೂ ಬಗೆ ಪಕ್ಕಪಕ್ಕದಲ್ಲೇ ಮಾರಾಟವಾಗಿವೆ, ಒಂದೇ ಕಾರಿನ ಒಳಗೂ. 2021ರಲ್ಲಿ ಬಂದ ಸ್ಕೋಡಾ ಕುಶಾಕ್‌ನಲ್ಲಿ 1.0 ಎಂಜಿನ್ನಿಗೆ 6 ಗೇರಿನ ಟಾರ್ಕ್ ಕನ್ವರ್ಟರ್, 1.5 ಎಂಜಿನ್ನಿಗೆ 7 ಗೇರಿನ ಡಿಎಸ್‌ಜಿ. ಹುಂಡೈ ಕ್ರೆಟಾದಲ್ಲಿ ಡೀಸೆಲ್ಲಿಗೆ ಟಾರ್ಕ್ ಕನ್ವರ್ಟರ್, ಟರ್ಬೊ ಪೆಟ್ರೋಲಿಗೆ ಡ್ಯುಯಲ್ ಕ್ಲಚ್. ಶೋರೂಮಿನಲ್ಲಿ ಎರಡಕ್ಕೂ 'ಆಟೊಮ್ಯಾಟಿಕ್ ಸರ್' ಅಂತಲೇ ಹೇಳೋದು. ಹಾಗಾಗಿ ವೇರಿಯಂಟ್ ಹೆಸರು ಓದಬೇಕು. ಡಿಸಿಟಿ, ಡಿಎಸ್‌ಜಿ, ಡಿಸಿಎ ಅಂತಿದ್ರೆ ಎರಡು ಕ್ಲಚ್. ಎಟಿ ಅಂತಿದ್ರೆ ಸಾಮಾನ್ಯವಾಗಿ ಟಾರ್ಕ್ ಕನ್ವರ್ಟರ್. ಸಿವಿಟಿ, ಐವಿಟಿ ಬೆಲ್ಟಿನ ಜಾತಿ. ಎಎಂಟಿ, ಎಜಿಎಸ್ ಅಂದ್ರೆ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ತುಳಿಯೋ ಕೆಲಸ ಯಂತ್ರಕ್ಕೆ ಕೊಟ್ಟಿದ್ದಾರೆ ಅಷ್ಟೇ. ಅಗ್ಗದ ಆಟೊಮ್ಯಾಟಿಕ್‌ಗಳಲ್ಲಿ ಹೆಚ್ಚಿನವು ಇದೇ.

ಡ್ಯುಯಲ್ ಕ್ಲಚ್ಚಿನಲ್ಲೂ ಎರಡು ಪಂಗಡ. ವೆಟ್ ಅಂದ್ರೆ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತೆ, ಶಾಖ ತಡೆಯುತ್ತೆ, ನಿಗದಿತ ಅವಧಿಗೆ ಎಣ್ಣೆ ಬದಲಿಸಲೇಬೇಕು. ಡ್ರೈ ಅಂದ್ರೆ ಮ್ಯಾನುಯಲ್ ಗಾಡಿಯ ಹಾಗೆ ಒಣ ಪ್ಲೇಟು. ಹಗುರ, ಅಗ್ಗ, ಮೈಲೇಜಿಗೆ ಒಳ್ಳೇದು, ಆದ್ರೆ ಬಿಸಿ ತಡೆಯೋದು ಕಮ್ಮಿ. ಪೋಲೊ ಜಿಟಿಯ ಡಿಎಸ್‌ಜಿ ಡ್ರೈ ಬಗೆ. ಟಾಟಾ ಆಲ್ಟ್ರೋಜ್‌ಗೆ 2022ರಲ್ಲಿ ಬಂದ ಡಿಸಿಎ ವೆಟ್ ಬಗೆ.

ಈ ತೊಂದರೆ ಬರೀ ಅನುಮಾನವಲ್ಲ. 2013ರಲ್ಲಿ ಚೀನಾದಲ್ಲಿ ಡಿಎಸ್‌ಜಿ ದೂರುಗಳ ಕಾರಣಕ್ಕೆ ಫೋಕ್ಸ್‌ವ್ಯಾಗನ್ 3.84 ಲಕ್ಷ ಕಾರುಗಳನ್ನು ವಾಪಸ್ ಕರೆಸಿತು. ಆಸ್ಟ್ರೇಲಿಯಾದಲ್ಲಿ ಪವರ್‌ಶಿಫ್ಟ್ ಅನ್ನೋ ಡ್ಯುಯಲ್ ಕ್ಲಚ್ಚಿನ ದೂರು ತಂದ ಗ್ರಾಹಕರನ್ನು ನಡೆಸಿಕೊಂಡ ರೀತಿಗೆ 2018ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಫೋರ್ಡ್‌ಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಇವೆಲ್ಲಾ ಹಳೆಯ ಪೀಳಿಗೆಯ ಗೇರ್‌ಬಾಕ್ಸ್ ಮಾತು, ಆಮೇಲೆ ಸುಧಾರಣೆ ಆಗಿದೆ. ಆದ್ರೆ ಸೆಕೆಂಡ್ ಹ್ಯಾಂಡಿಗೆ ಬರೋದು ಹಳೆಯ ಪೀಳಿಗೆಯೇ ಅಲ್ಲವೇ.

ಅಂಥ ಕಾರು ನೋಡೋಕೆ ಹೋದಾಗ ಎಂಜಿನ್ ತಣ್ಣಗಿರುವಾಗಲೂ, ಅರ್ಧ ಗಂಟೆ ಪೇಟೆಯ ದಟ್ಟಣೆಯಲ್ಲಿ ಓಡಿಸಿ ಬಿಸಿಯಾದ ಮೇಲೂ ಪರೀಕ್ಷೆ ಮಾಡಬೇಕು. ಎರಡು ನಿಮಿಷದ ಹೈವೇ ಓಟದಲ್ಲಿ ಏನೂ ಗೊತ್ತಾಗೋದಿಲ್ಲ. ಆಕ್ಸಿಲರೇಟರ್ ಮುಟ್ಟದೆ ಬ್ರೇಕ್ ಬಿಟ್ಟು ನಡಿಗೆಯ ವೇಗದಲ್ಲಿ ಬಿಡಿ: ನಡುಕ ಬರುತ್ತಾ ನೋಡಿ. ಸಣ್ಣ ಏರಿನಲ್ಲಿ ರಿವರ್ಸ್ ಹಾಕಿ ನೋಡಿ. 1ರಿಂದ 2ಕ್ಕೆ ಹೋಗುವಾಗ ಹೊಡೆತ ಇದ್ರೆ, ಗೇರ್ ಹಾಕಿ ಒಂದೆರಡು ಸೆಕೆಂಡ್ ಆದ ಮೇಲೆ ಗಾಡಿ ಎಳೆದರೆ, ಸುಮ್ಮನೆ ಬಿಡಬೇಡಿ. ಸರ್ವಿಸ್ ದಾಖಲೆಯಲ್ಲಿ ಗೇರ್‌ಬಾಕ್ಸ್ ಎಣ್ಣೆ ಯಾವಾಗ ಬದಲಿಸಿದ್ದು ಅಂತ ಕೇಳಿ. 'ಲೈಫ್‌ಟೈಮ್ ಎಣ್ಣೆ, ಬದಲಿಸೋದೇ ಬೇಡ' ಅನ್ನೋ ಉತ್ತರ ಬಂದ್ರೆ ಆ ಮಾದರಿಯ ಓನರ್ ಮ್ಯಾನುಯಲ್‌ನಲ್ಲಿ ಏನಿದೆ ಅಂತ ತಾಳೆ ನೋಡಿ.

ಈಗಾಗಲೇ ಡ್ಯುಯಲ್ ಕ್ಲಚ್ ಕಾರು ಇರೋರು ಏರಿನಲ್ಲಿ ಗಾಡಿಯನ್ನು ಆಕ್ಸಿಲರೇಟರ್ ಒತ್ತಿ ನಿಲ್ಲಿಸಿಕೊಳ್ಳಬಾರದು. ಅದು ಕ್ಲಚ್ಚನ್ನು ಒಲೆ ಮೇಲೆ ಇಟ್ಟ ಹಾಗೆ. ಬ್ರೇಕ್ ಪೂರ್ತಿ ಒತ್ತಿ ನಿಂತರೆ ಕ್ಲಚ್ ಬಿಟ್ಟುಕೊಳ್ಳುತ್ತೆ. ಜಾಮಿನಲ್ಲಿ ಮುಂದಿನ ಗಾಡಿ ಒಂದು ಗೇಣು ಸರಿದಾಗಲೆಲ್ಲಾ ಸರಿಯುವ ಬದಲು, ಒಂದು ಕಾರಿನಷ್ಟು ಜಾಗ ಆದ ಮೇಲೆ ಒಮ್ಮೆಗೇ ಹೋದರೆ ಪ್ಲೇಟು ಉಳಿಯುತ್ತೆ. ಹಿಂದಿನವನು ಹಾರ್ನ್ ಹೊಡೀತಾನೆ, ಹೊಡೀಲಿ.

ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಒಂದು ವಿಷಯ ಎರಡೂ ಬಗೆಗೆ ಸಮ. ತಳ್ಳಿ ಸ್ಟಾರ್ಟ್ ಮಾಡೋಕೆ ಇವು ಬರೋದಿಲ್ಲ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ಎಳೆತದ ಚಕ್ರಗಳು ನೆಲದ ಮೇಲೆ ಉರುಳುವ ಹಾಗೆ ಹತ್ತಾರು ಕಿಲೋಮೀಟರ್ ಎಳೆದೊಯ್ದರೆ, ಎಂಜಿನ್ ನಿಂತಿರುವ ಕಾರಣ ಒಳಗೆ ಎಣ್ಣೆ ಸರಿಯಾಗಿ ಸುತ್ತದೆ ಗೇರ್‌ಬಾಕ್ಸ್ ಕೆಡಬಹುದು. ಫ್ಲ್ಯಾಟ್‌ಬೆಡ್ ಲಾರಿ ಕರೆಸಿ ಪೂರ್ತಿ ಮೇಲೆ ಹತ್ತಿಸಿಯೇ ಸಾಗಿಸಬೇಕು.